ಹಸಿರು ಹೊಳಪು ಹೇಳುವುದೇನು, ಹೇಳದಿರುವುದೇನು?

ಯಲಹಂಕ ಉಪನಗರದಲ್ಲಿರುವ ಗೆಳೆಯರೊಬ್ಬರಿಗೆ ಕರುಳಿನ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ದೊಡ್ಡ ಕರುಳು ಗುದನಾಳವನ್ನು ಸೇರುವ ಕಡೆ ಒಂದು ಗಡ್ಡೆ. ಆ ಭಾಗವನ್ನು ಕತ್ತರಿಸಿ ತೆಗೆದು, ಉಳಿದ ಎರಡು ತುದಿಗಳನ್ನು ಜೋಡಿಸುವುದೆಂದು ವೈದ್ಯರು ತೀರ್ಮಾನಿಸಿದ್ದರು. ದಾಖಲಾಗುವ ಹಿಂದಿನ ಸಂಜೆ ಗೆಳೆಯರು ಆಸ್ಪತ್ರೆಯಲ್ಲಿ ಸಿಕ್ಕ ಕರಪತ್ರವೊಂದನ್ನು ನನ್ನ ಕೈಗಿಟ್ಟು, "ವಿಜ್ಞಾನ ಬರೆಯುವವರಲ್ಲವೆ, ಇದೇನು ಸ್ವಲ್ಪ ನೋಡಿ" ಎಂದರು. ನುಣುಪಾದ ಕಾಗದ. ಕಪ್ಪು ಹಿನ್ನೆಲೆಯಲ್ಲಿ ಹಸಿರಾಗಿ ಹೊಳೆಯುವ ಕರುಳಿನ ಚಿತ್ರ. ಅದರ ಕೆಳಗೆ ಬರೆದಿದ್ದುದರ ತಾತ್ಪರ್ಯ ಇಷ್ಟು: ವಿಶೇಷ ಕ್ಯಾಮೆರಾದ ನೆರವಿನಿಂದ ರಕ್ತಸಂಚಾರವನ್ನು ಕಣ್ಣಾರೆ ನೋಡಬಹುದು, ಆದ್ದರಿಂದ ಜೋಡಣೆ ಸೋರುವ ಭಯವಿಲ್ಲ.

ಈ ಮಾತಿನ ಮೊದಲರ್ಧ ಬಹುಮಟ್ಟಿಗೆ ಸರಿ. ಎರಡನೆಯ ಅರ್ಧ ಸರಿಯಲ್ಲ. ನಡುವಿನ 'ಆದ್ದರಿಂದ' ಎಂಬ ಪದವಂತೂ ಹೊರಲಾರದ ಭಾರವನ್ನು ಹೊತ್ತಿದೆ. ಆ ಒಂದು ಪದವನ್ನು ನಿಮ್ಮೊಡನೆ ಪರೀಕ್ಷಿಸುವುದೇ ಈ ಲೇಖನದ ಉದ್ದೇಶ.

ಮೊದಲು, ಸೋರಿಕೆಯೆಂದರೆ ಏನು ಎಂಬುದು ತಿಳಿದಿರಲಿ. ಕರುಳಿನ ಎರಡು ತುದಿಗಳನ್ನು ಹೊಲಿಗೆಯಿಂದಲೋ ಲೋಹದ ಪುಟ್ಟ ಕೊಂಡಿಗಳಿಂದಲೋ ಕೂಡಿಸಿದ ಮೇಲೆ ಅವು ಒಂದಕ್ಕೊಂದು ಬೆಸೆದುಕೊಳ್ಳಲು ಹಲವು ದಿನಗಳು ಬೇಕು. ಆ ದಿನಗಳಲ್ಲಿ ತುದಿಗಳಿಗೆ ಸಾಕಷ್ಟು ರಕ್ತ ಒದಗದಿದ್ದರೆ ಅಂಗಾಂಶ ಸಾಯುತ್ತದೆ, ಜೋಡಣೆ ಬಿರಿಯುತ್ತದೆ, ಕರುಳಿನೊಳಗಿನ ಮಲಿನ ಹೊಟ್ಟೆಯ ಪೊರೆಗೆ ಹರಿಯುತ್ತದೆ. ಮತ್ತೊಂದು ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಹೊಟ್ಟೆಯ ಮೇಲೆ ಮಲದ ಚೀಲ, ಮುಂದೂಡಲ್ಪಡುವ ಕ್ಯಾನ್ಸರ್ ಔಷಧಿ, ಕೆಲವೊಮ್ಮೆ ಮರಣ. ಗುದನಾಳದ ಶಸ್ತ್ರಚಿಕಿತ್ಸೆಯಲ್ಲಿ ನೂರರಲ್ಲಿ ಹತ್ತರ ಆಸುಪಾಸು ರೋಗಿಗಳಿಗೆ ಒಳ್ಳೆಯ ಆಸ್ಪತ್ರೆಗಳಲ್ಲಿಯೂ ಹೀಗಾಗುತ್ತದೆ. ಭಯಕ್ಕೆ ಕಾರಣವಿದೆ. 'ಭಯವಿಲ್ಲ' ಎಂಬ ಮಾತು ರೋಗಿಯ ಮನಸ್ಸಿನಲ್ಲಿ ಏಕೆ ಅಷ್ಟು ಬೇಗ ಕೂರುತ್ತದೆ ಎಂಬುದೂ ಇದರಿಂದ ಅರ್ಥವಾಗುತ್ತದೆ.

ಶಸ್ತ್ರಚಿಕಿತ್ಸಕರು ತಲೆಮಾರುಗಳಿಂದ ಏನು ಮಾಡುತ್ತ ಬಂದಿದ್ದಾರೆ? ಕರುಳಿನ ತುದಿ ಗುಲಾಬಿ ಬಣ್ಣಕ್ಕಿದೆಯೆ, ಕಪ್ಪಿಟ್ಟಿದೆಯೆ ಎಂದು ನೋಡುತ್ತಾರೆ. ಪಕ್ಕದ ಧಮನಿ ಮಿಡಿಯುತ್ತದೆಯೆ ಎಂದು ಬೆರಳಿಟ್ಟು ಪರೀಕ್ಷಿಸುತ್ತಾರೆ. ಅಂಚನ್ನು ಕತ್ತರಿಸಿದಾಗ ಕೆಂಪು ರಕ್ತ ಜಿನುಗುತ್ತದೆಯೆ, ಕರುಳು ಅಲೆಅಲೆಯಾಗಿ ಚಲಿಸುತ್ತದೆಯೆ ಎಂದು ಗಮನಿಸುತ್ತಾರೆ. ಅನುಭವಿ ಕಣ್ಣಿಗೆ ಇವು ಸಾಕೆಂದೇ ನಂಬಿಕೆಯಿತ್ತು. 2009ರಲ್ಲಿ ನೆದರ್ಲೆಂಡ್ಸಿನ ಕಾರ್ಲಿಚೆಕ್ ಮತ್ತು ಸಂಗಡಿಗರು ಇದನ್ನು ಪರೀಕ್ಷೆಗೊಡ್ಡಿದರು. ಜೋಡಣೆ ಮುಗಿದ ಕೂಡಲೇ ಸೋರುವ ಸಂಭವ ಎಷ್ಟೆಂದು ಶಸ್ತ್ರಚಿಕಿತ್ಸಕರೇ ಅಂದಾಜು ಮಾಡಿ ಬರೆದಿಡಬೇಕು, ಅನಂತರ ನಿಜವಾಗಿ ಆದದ್ದರೊಡನೆ ಅದನ್ನು ಹೋಲಿಸಬೇಕು. ಅಂದಾಜು ನೆಚ್ಚುವಂತಿರಲಿಲ್ಲ. ಆದಕಾರಣ ಕಣ್ಣಿಗಿಂತ ಉತ್ತಮವಾದ ಸಾಧನ ಬೇಕೆಂಬುದರಲ್ಲಿ ನನಗೆ ತಕರಾರಿಲ್ಲ. ಹಸಿರು ಹೊಳಪನ್ನು ತಂದವರು ಸುಳ್ಳು ಸಮಸ್ಯೆಗೆ ಉತ್ತರ ಹುಡುಕಿದವರಲ್ಲ.

ಪ್ರತಿದೀಪ್ತಿಯನ್ನು ನೀವು ಮನೆಯಲ್ಲಿಯೇ ನೋಡಬಹುದು. ಅಂಗಡಿಯಲ್ಲಿ ನೋಟು ಪರೀಕ್ಷಿಸುವ ಅತಿನೇರಿಳೆ ದೀಪವೊಂದನ್ನು ತನ್ನಿ. ಒಂದು ಚಿಟಿಕೆ ಅರಿಶಿನವನ್ನು ಸ್ಪಿರಿಟ್‌ನಲ್ಲಿ ಕದಡಿ, ತಿಳಿಯಾದ ಮೇಲೆ ಕತ್ತಲೆ ಕೋಣೆಯಲ್ಲಿ ಆ ದೀಪ ಹಿಡಿಯಿರಿ. ದ್ರಾವಣ ಹಳದಿಮಿಶ್ರಿತ ಹಸಿರಾಗಿ ಬೆಳಗುತ್ತದೆ. ಅರಿಶಿನದ ಅಣುಗಳು ಕಣ್ಣಿಗೆ ಕಾಣದ ಕಿರಣವನ್ನು ಹೀರಿ, ಹೀರಿದ ಶಕ್ತಿಯಲ್ಲಿ ಸ್ವಲ್ಪವನ್ನು ತಮ್ಮಲ್ಲಿ ಕಳೆದುಕೊಂಡು, ಉಳಿದುದನ್ನು ಹೆಚ್ಚು ತರಂಗದೂರದ ಬೆಳಕಾಗಿ ಹೊರಚೆಲ್ಲುತ್ತವೆ. ಇನ್ನೊಂದು ಪ್ರಯೋಗ: ಟಿ.ವಿ. ರಿಮೋಟಿನ ತುದಿಯನ್ನು ಮೊಬೈಲ್ ಕ್ಯಾಮೆರಾದ ಮುಂದೆ ಹಿಡಿದು ಗುಂಡಿ ಒತ್ತಿ. ಬರಿಗಣ್ಣಿಗೆ ಏನೂ ಕಾಣದಿದ್ದರೂ ಅನೇಕ ಮೊಬೈಲುಗಳ ಪರದೆಯಲ್ಲಿ ಒಂದು ಚುಕ್ಕಿ ಮಿನುಗುತ್ತದೆ. ಅದು ಅವಕೆಂಪು ಬೆಳಕು. ಈ ಎರಡು ಪ್ರಯೋಗಗಳನ್ನು ಕೂಡಿಸಿದರೆ ಶಸ್ತ್ರಚಿಕಿತ್ಸಾ ಕೊಠಡಿಯ ಉಪಕರಣ ಸಿದ್ಧವಾದಂತೆಯೇ. ಅಲ್ಲಿ ಅರಿಶಿನದ ಬದಲು ಇಂಡೋಸಯನೀನ್ ಗ್ರೀನ್ ಎಂಬ ಬಣ್ಣ, ಅತಿನೇರಿಳೆಯ ಬದಲು ಅವಕೆಂಪು ದೀಪ.

ರಕ್ತದಲ್ಲಿ ಬೆರೆತ ಈ ಬಣ್ಣ ಸುಮಾರು 800 ನ್ಯಾನೋಮೀಟರ್ ತರಂಗದೂರದ ಬೆಳಕನ್ನು ಚೆನ್ನಾಗಿ ಹೀರಿ, ಸುಮಾರು 830ರ ಆಸುಪಾಸಿನಲ್ಲಿ ಹೊರಸೂಸುತ್ತದೆ. ಎರಡೂ ನಮ್ಮ ಕಣ್ಣಿಗೆ ನಿಲುಕದವು. ಹಾಗಾದರೆ ಕರಪತ್ರದ ಹಸಿರು ಎಲ್ಲಿಂದ ಬಂತು? ಕಂಪ್ಯೂಟರ್ ಹಚ್ಚಿದ್ದು! ಕ್ಯಾಮೆರಾ ಹಿಡಿದ ಅಗೋಚರ ಹೊಳಪಿಗೆ ಪರದೆಯ ಮೇಲೆ ಯಾವ ಬಣ್ಣವನ್ನಾದರೂ ಕೊಡಬಹುದು, ನೀಲಿಯನ್ನು ಕೊಡುವ ಯಂತ್ರಗಳೂ ಇವೆ. ಎಷ್ಟು ಹೊಳಪಿಗೆ ಎಷ್ಟು ಗಾಢವಾದ ಹಸಿರು ಎಂಬುದನ್ನು ತೀರ್ಮಾನಿಸುವುದೂ ಯಂತ್ರವೇ. ಈ ಅಂಶ ಸಣ್ಣದೆನಿಸಬಹುದು. ಮುಂದೆ ಇದು ಮತ್ತೆ ಬರುತ್ತದೆ.

ಬಣ್ಣದಿಂದ ರಕ್ತಸಂಚಾರ ನೋಡುವ ಉಪಾಯ ಹೊಸದಲ್ಲ. ಅಡಾಲ್ಫ್ ಫಾನ್ ಬೇಯರ್ 1871ರಲ್ಲಿ ಫ್ಲೋರೆಸೀನ್ ತಯಾರಿಸಿದರು. ನ್ಯೂಯಾರ್ಕಿನ ಲಾಂಗೆ ಮತ್ತು ಬಾಯ್ಡ್ 1942ರಲ್ಲಿಯೇ ಅದನ್ನು ರಕ್ತಕ್ಕೆ ಸೇರಿಸಿ ಅಂಗಾಂಶಕ್ಕೆ ರಕ್ತ ಸಾಕಷ್ಟು ಬರುತ್ತಿದೆಯೆ ಎಂದು ಪರೀಕ್ಷಿಸುವ ವಿಧಾನವನ್ನು ವಿವರಿಸಿದ್ದರು. ಸಕ್ಕರೆ ಕಾಯಿಲೆಯವರಿಗೆ ಕಣ್ಣಿನ ಅಕ್ಷಿಪಟದ ಚಿತ್ರ ತೆಗೆಯುವಾಗ ಇಂದಿಗೂ ಅದನ್ನೇ ಕೊಡುತ್ತಾರೆ. ನಿಮ್ಮಲ್ಲಿ ಕೆಲವರು ಆ ದಿನ ಮೂತ್ರ ಕಡುಹಳದಿಯಾದದ್ದನ್ನು ಕಂಡು ಗಾಬರಿಯಾಗಿರಬಹುದು. ಆದರೆ ಫ್ಲೋರೆಸೀನಿಗೆ ನೀಲಿ ಬೆಳಕು ಬೇಕು. ನೀಲಿ ಬೆಳಕು ಅಂಗಾಂಶದೊಳಗೆ ಆಳವಾಗಿ ಇಳಿಯದು, ನಮ್ಮಂಥ ಕಪ್ಪು ಚರ್ಮದಲ್ಲಿ ಮೆಲನಿನ್ ಅದನ್ನು ಮೇಲೆಯೇ ಹೀರಿಬಿಡುತ್ತದೆ. ಮೇಲಾಗಿ ಈ ಬಣ್ಣ ರಕ್ತನಾಳದಿಂದ ಹೊರಗೆ ಜಿನುಗಿ ಗಂಟೆಗಟ್ಟಲೆ ಅಂಗಾಂಶದಲ್ಲಿ ಉಳಿಯುವುದರಿಂದ ಪರೀಕ್ಷೆಯನ್ನು ಕೂಡಲೇ ಮತ್ತೊಮ್ಮೆ ಮಾಡುವಂತಿಲ್ಲ.

ಇಂಡೋಸಯನೀನ್ ಗ್ರೀನ್ ಇವೆಲ್ಲಕ್ಕೂ ಪರಿಹಾರದಂತೆ ಬಂತು. ಪ್ಲಾಸ್ಮಾದ ಪ್ರೋಟೀನುಗಳಿಗೆ ಅಂಟಿಕೊಳ್ಳುವುದರಿಂದ ಅದು ಬಹುಮಟ್ಟಿಗೆ ರಕ್ತನಾಳದೊಳಗೇ ಉಳಿಯುತ್ತದೆ. ಯಕೃತ್ತು ಅದನ್ನು ಹೀರಿ ಪಿತ್ತರಸಕ್ಕೆ ಬಿಡುತ್ತದೆ. ಆರೋಗ್ಯವಂತರಲ್ಲಿ ಮೂರು ನಾಲ್ಕು ನಿಮಿಷಗಳಿಗೊಮ್ಮೆ ರಕ್ತದಲ್ಲಿನ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಅವಕೆಂಪು ಬೆಳಕು ಕೆಲವು ಮಿಲಿಮೀಟರ್ ಆಳದವರೆಗೂ ತಲಪುತ್ತದೆ. ತೊಂದರೆ ಕೊಡುವುದು ಅಪರೂಪ. ಬಣ್ಣದಲ್ಲಿ ಸ್ವಲ್ಪ ಸೋಡಿಯಂ ಅಯೊಡೈಡ್ ಬೆರೆತಿರುವುದರಿಂದ ಅಯೊಡಿನ್ ಒಗ್ಗದವರು ಮೊದಲೇ ಹೇಳಬೇಕು, ಅಷ್ಟೆ.

ಆದರೆ ಈ ಬಣ್ಣ ಹುಟ್ಟಿದ್ದು ಏತಕ್ಕಾಗಿ? ಅದರ ಜಾತಕವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

1950ರ ದಶಕದಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಇರ್ವಿನ್ ಫಾಕ್ಸ್ ಮತ್ತು ಅರ್ಲ್ ವುಡ್ ಹೃದಯ ನಿಮಿಷಕ್ಕೆ ಎಷ್ಟು ರಕ್ತ ಒತ್ತುತ್ತದೆ ಎಂಬುದನ್ನು ಅಳೆಯುತ್ತಿದ್ದರು. ರಕ್ತಕ್ಕೆ ಬಣ್ಣ ಸೇರಿಸಿ, ಅದು ಎಷ್ಟು ಬೇಗ ತೆಳುವಾಗುತ್ತದೆಂದು ಬೆಳಕಿನಿಂದ ಅಳೆಯುವ ವಿಧಾನ ಅದು. ಒಂದು ತೊಡಕಿತ್ತು. ಆಮ್ಲಜನಕ ಹೊತ್ತ ಹಿಮೊಗ್ಲೋಬಿನ್ ಒಂದು ಬಗೆಯಾಗಿ, ಹೊರದ ಹಿಮೊಗ್ಲೋಬಿನ್ ಇನ್ನೊಂದು ಬಗೆಯಾಗಿ ಬೆಳಕು ಹೀರುತ್ತದೆ. ರೋಗಿಯ ಆಮ್ಲಜನಕ ಏರುಪೇರಾದರೆ ಬಣ್ಣದ ಅಳತೆಯೂ ತಪ್ಪುತ್ತದೆ. ಆದರೆ 805 ನ್ಯಾನೋಮೀಟರಿನ ಬಳಿ ಎರಡೂ ಸಮನಾಗಿ ಹೀರುತ್ತವೆ. ಸರಿಯಾಗಿ ಆ ಜಾಗದಲ್ಲಿ ಬೆಳಕು ಹೀರುವ ಬಣ್ಣ ಅವರಿಗೆ ಬೇಕಿತ್ತು. ಫೋಟೋ ಫಿಲಂ ತಯಾರಿಸುವ ಕೊಡಾಕ್ ಸಂಸ್ಥೆಯ ಪ್ರಯೋಗಾಲಯ ಅದನ್ನು ಒದಗಿಸಿತು. 1957ರಲ್ಲಿ ವೈದ್ಯಕೀಯ ವರದಿಗಳು ಬಂದವು, 1959ರಲ್ಲಿ ಅಮೆರಿಕದ ಔಷಧ ಆಡಳಿತದ ಅನುಮತಿ ಸಿಕ್ಕಿತು.

ಇದರ ಅರ್ಥ ಗಮನಿಸಿದಿರಾ? ಆಮ್ಲಜನಕದ ಏರುಪೇರಿಗೆ ಕುರುಡಾಗಿರಲಿ ಎಂದೇ ಆರಿಸಿದ ಬಣ್ಣ ಇದು. ಆ ಕುರುಡುತನವೇ ಅದರ ಗುಣ. ಅರವತ್ತೈದು ವರ್ಷಗಳ ತರುವಾಯ ಅದೇ ಬಣ್ಣವನ್ನು ಮುಂದಿಟ್ಟುಕೊಂಡು 'ಕರುಳಿನ ತುದಿ ಬದುಕುತ್ತದೆಯೆ?' ಎಂದು ಕೇಳುತ್ತಿದ್ದೇವೆ. ಅಂಗಾಂಶ ಬದುಕುವುದು ಆಮ್ಲಜನಕದಿಂದ. ಬಣ್ಣ ಅಂಟಿಕೊಂಡಿರುವುದು ಆಮ್ಲಜನಕ ಹೊರುವ ಕೆಂಪುಕಣಕ್ಕಲ್ಲ, ಪ್ಲಾಸ್ಮಾದ ಪ್ರೋಟೀನಿಗೆ. ಹೊಳಪು ಹೇಳುವುದು ಒಂದೇ ಮಾತು: ಪ್ಲಾಸ್ಮಾ ಇಲ್ಲಿಗೆ ಬಂದಿದೆ.

ಸಾಮಾನ್ಯವಾಗಿ ಪ್ಲಾಸ್ಮಾ ಬಂದ ಕಡೆ ಕೆಂಪುಕಣವೂ ಬಂದಿರುತ್ತದೆ, ಆದ್ದರಿಂದ ಚಿಂತೆಯಿಲ್ಲ ಎಂದು ನೀವು ಹೇಳಬಹುದು. ಹೌದು, ಬಂದಿರುತ್ತದೆ. ಆದರೆ ಎಷ್ಟು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಕರುಳಿನ ಗಡ್ಡೆಯಿಂದ ತಿಂಗಳುಗಟ್ಟಲೆ ರಕ್ತ ಜಿನುಗಿದವರಲ್ಲಿ ರಕ್ತಹೀನತೆ ಇರುವುದು ವಿಶೇಷವೇನಲ್ಲ. ಅಂಥವರ ಕರುಳು ಪರದೆಯ ಮೇಲೆ ಆರೋಗ್ಯವಂತರ ಕರುಳಿನಷ್ಟೇ ಹಸಿರಾಗಿ ಹೊಳೆಯಬಲ್ಲುದು. ನೀರಿನ ಕೊಳವೆ ತುಂಬ ಹರಿಯುತ್ತಿದೆ ಎಂಬುದಕ್ಕೂ ಆ ನೀರಿನಲ್ಲಿ ಉಪ್ಪೆಷ್ಟಿದೆ ಎಂಬುದಕ್ಕೂ ಇರುವ ವ್ಯತ್ಯಾಸ ಇದು. ಕರಪತ್ರದಲ್ಲಿ ಈ ವಿಷಯಕ್ಕೆ ಜಾಗವಿಲ್ಲದ್ದು ಸಹಜ. ವೈದ್ಯರ ಸಮ್ಮೇಳನಗಳ ಚಿತ್ರಪ್ರದರ್ಶನಗಳಲ್ಲಿಯೂ ಇದಕ್ಕೆ ಸಿಗುವ ಜಾಗ ಕಡಿಮೆಯೆಂಬುದು ನನ್ನ ದೂರು.

ಇಲ್ಲೊಂದು ಅಡ್ಡಮಾತಿಗೆ ಅವಕಾಶ ಕೊಡಿ. ಯಲಹಂಕದಿಂದ ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳ ದಾಟಿ ಮೇಖ್ರಿ ವೃತ್ತಕ್ಕೆ ಬಂದರೆ, ಆರ್.ಟಿ. ನಗರದ ಆಚೆ ಮಗ್ಗುಲಿಗೆ, 1948ರಲ್ಲಿ ಸಿ.ವಿ. ರಾಮನ್ ಕಟ್ಟಿದ ಸಂಶೋಧನಾ ಸಂಸ್ಥೆಯಿದೆ. ಅಲ್ಲಿ ಅವರು ಕೂಡಿಟ್ಟ ಖನಿಜಗಳಲ್ಲಿ ಅತಿನೇರಿಳೆ ಬೆಳಕಿನಲ್ಲಿ ಹೊಳೆಯುವವೂ ಇವೆ. ಆ ಹೊಳಪಿನ ಮೇಲೆ ರಾಮನ್ನರಿಗೆ ಇದ್ದ ಮೋಹಕ್ಕೆ ಹಿನ್ನೆಲೆಯುಂಟು. 1923ರಲ್ಲಿ ಕಲ್ಕತ್ತೆಯಲ್ಲಿ ಅವರ ಶಿಷ್ಯ ಕೆ.ಆರ್. ರಾಮನಾಥನ್ ದ್ರವಗಳಲ್ಲಿ ಬೆಳಕು ಚದರುವಾಗ ಬಣ್ಣ ಬದಲಾದ ಮಂದ ಬೆಳಕೊಂದನ್ನು ಕಂಡರು. ದ್ರವದಲ್ಲಿನ ಕಲ್ಮಶದಿಂದಾದ 'ಮಂದ ಪ್ರತಿದೀಪ್ತಿ' ಅದು ಎಂದುಕೊಂಡರು. ಎಷ್ಟು ಶುದ್ಧೀಕರಿಸಿದರೂ ಬೆಳಕು ಹೋಗಲಿಲ್ಲ. 1928ರಲ್ಲಿ ರಾಮನ್ ಮತ್ತು ಕೃಷ್ಣನ್ ಆ ಬೆಳಕು ಧ್ರುವೀಕೃತವಾಗಿದೆಯೆಂದು ಕಂಡು, ಇದು ಸಾಮಾನ್ಯ ಪ್ರತಿದೀಪ್ತಿಯಲ್ಲವೆಂದು ತೋರಿಸಿದರು. ಮುಂದಿನ ಕಥೆ ನಿಮಗೆ ಗೊತ್ತು. ಐದು ವರ್ಷ ಅವರನ್ನು ಕಾಡಿದ ಪ್ರಶ್ನೆ ಹೊಳಪು ಇದೆಯೆ ಎಂಬುದಲ್ಲ, ಅದು ಯಾವುದರ ಹೊಳಪು ಎಂಬುದು.

ಶಸ್ತ್ರಚಿಕಿತ್ಸಾ ಕೊಠಡಿಗೆ ಮರಳೋಣ. ಕರುಳಿಗೆ ರಕ್ತ ತರುವ ನಾಳಗಳನ್ನು ಕಟ್ಟಿ, ಎಲ್ಲಿ ಕತ್ತರಿಸಬೇಕೆಂದು ಶಸ್ತ್ರಚಿಕಿತ್ಸಕರು ಗುರುತು ಹಾಕುತ್ತಾರೆ. ಅರಿವಳಿಕೆ ತಜ್ಞರು 25 ಮಿಲಿಗ್ರಾಂ ಪುಡಿಯ ಸೀಸೆಗೆ ಶುದ್ಧ ನೀರು ಬೆರೆಸಿ, ಕೆಲವು ಮಿಲಿಗ್ರಾಂನಷ್ಟನ್ನು ಸಿರೆಯೊಳಗೆ ಹಾಕುತ್ತಾರೆ. ಕೊಠಡಿಯ ದೀಪ ಆರಿಸಿ, ಅಥವಾ ರೋಬಾಟ್ ನೆರವಿನ ಯಂತ್ರವಾದರೆ ಒಂದು ಗುಂಡಿ ಒತ್ತಿ, ಅವಕೆಂಪಿಗೆ ಬದಲಾಯಿಸುತ್ತಾರೆ. ಅರ್ಧ ನಿಮಿಷದಿಂದ ಒಂದು ನಿಮಿಷದೊಳಗೆ ನಾಳಗಳು, ಹಿಂದೆಯೇ ಕರುಳಿನ ಗೋಡೆ, ಪರದೆಯ ಮೇಲೆ ಬೆಳಗುತ್ತವೆ. ಒಂದು ಕಡೆ ಹೊಳಪು ನಿಲ್ಲುತ್ತದೆ. ಹಾಕಿದ ಗುರುತು ಹೊಳಪಿನೊಳಗಿದ್ದರೆ ಸರಿ, ಕತ್ತಲೆಯಲ್ಲಿದ್ದರೆ ಗುರುತನ್ನು ಹಿಂದಕ್ಕೆ ಸರಿಸುತ್ತಾರೆ. ನೋಡುವವರಿಗೆ ಇದು ನಿಜಕ್ಕೂ ಬೆರಗಿನ ದೃಶ್ಯ. ವಿಡಿಯೋದಲ್ಲಿ ನೋಡಿದ ನನಗೂ ಹಾಗೆಯೇ ಆಯಿತು.

ಆ ಗಡಿಗೆರೆ ಎಷ್ಟು ಹೊತ್ತು ನಿಲ್ಲುತ್ತದೆ? ಇಲ್ಲಿದೆ ಮೊದಲ ತೊಡಕು. ಬಣ್ಣ ಹೊತ್ತ ರಕ್ತ ಅಕ್ಕಪಕ್ಕದ ಸಣ್ಣ ನಾಳಗಳ ಮೂಲಕ ರಕ್ತ ಕಡಿಮೆಯಿರುವ ಭಾಗಕ್ಕೂ ನಿಧಾನವಾಗಿ ತೆವಳುತ್ತದೆ. ಒಂದು ನಿಮಿಷದಲ್ಲಿ ನೋಡಿದರೆ ಗಡಿ ಒಂದೆಡೆ, ಐದು ನಿಮಿಷ ಬಿಟ್ಟು ನೋಡಿದರೆ ಇನ್ನೊಂದೆಡೆ, ಸಾಯಲಿರುವ ಅಂಗಾಂಶದ ಕಡೆಗೆ ಸರಿದಿರುತ್ತದೆ. ಸಮಯ ಹೇಳದ ಚಿತ್ರಕ್ಕೆ ಅರ್ಥವಿಲ್ಲ. ಎರಡನೆಯದು ದೂರ. ಕ್ಯಾಮೆರಾ ಹತ್ತಿರ ಬಂದರೆ ಹೊಳಪು ಹೆಚ್ಚು, ಸರಿದರೆ ಮಂಕು. ದೃಶ್ಯದ ನಡುವೆ ಪ್ರಕಾಶಮಾನ, ಅಂಚಿನಲ್ಲಿ ಕಡಿಮೆ. ಜೊತೆಗೆ ಯಂತ್ರ ತಾನೇ ಪ್ರಕಾಶವನ್ನು ಏರಿಸಿ ಇಳಿಸಿದರಂತೂ ನೋಡುವವರು ಮೋಸಹೋಗುವುದು ಸುಲಭ. ಹಸಿರು ಹಚ್ಚುವುದು ಯಂತ್ರ ಎಂದು ಮೊದಲು ಹೇಳಿದ್ದು ಇದಕ್ಕೇ. ರಕ್ತದೊತ್ತಡ ಏರಿಸಲು ಕೊಟ್ಟ ಔಷಧಿ ಕರುಳಿನ ನಾಳಗಳನ್ನು ಬಿಗಿಗೊಳಿಸಿ ಚಿತ್ರವನ್ನು ಬದಲಾಯಿಸಬಲ್ಲುದು. ಇನ್ನು ಸಿರೆ ಕಟ್ಟಿಕೊಂಡಿದ್ದರೆ? ಧಮನಿಯಿಂದ ಬಣ್ಣ ಒಳಗೆ ಬರುತ್ತದೆ, ಅಂಗಾಂಶ ಹೊಳೆಯುತ್ತದೆ, ಆದರೆ ಹೊರಹೋಗಲು ದಾರಿಯಿಲ್ಲ. ಮೊದಲ ನಿಮಿಷದ ಚಿತ್ರ ಸುಂದರ. ಅಂಗಾಂಶ ಮಾತ್ರ ಊದಿ ಕೊಳೆಯಲಿದೆ. ಬಣ್ಣ ಬಂದುದನ್ನಷ್ಟೇ ನೋಡಿ ಹೋದುದನ್ನು ನೋಡದವರಿಗೆ ಇದು ತಿಳಿಯುವುದಿಲ್ಲ.

ಇವೆಲ್ಲ ಪ್ರಯೋಗಾಲಯದ ಕುಶಂಕೆಗಳು, ರೋಗಿಗಳಲ್ಲಿ ಫಲ ಕಂಡಿದೆಯೆ ಹೇಳಿ ಎನ್ನುವಿರಾದರೆ, ಅಂಕಿಗಳನ್ನು ನೋಡೋಣ.

ಕರುಳಿನ ಶಸ್ತ್ರಚಿಕಿತ್ಸೆಯಲ್ಲಿ ಈ ವಿಧಾನಕ್ಕೆ ಹೆಸರು ತಂದ ಅಧ್ಯಯನಗಳಲ್ಲಿ ಮುಖ್ಯವಾದುದು 2015ರಲ್ಲಿ ಅಮೆರಿಕದಿಂದ ಪ್ರಕಟವಾದ ಪಿಲ್ಲರ್-2. ಜಾಫರಿ ಮತ್ತು ಸಂಗಡಿಗರು 11 ಆಸ್ಪತ್ರೆಗಳ 139 ರೋಗಿಗಳಲ್ಲಿ ಹೊಳಪು ನೋಡಿದರು. 11 ಮಂದಿಯಲ್ಲಿ ಶಸ್ತ್ರಚಿಕಿತ್ಸಕರು ಹೊಳಪಿನಿಂದಾಗಿ ತಮ್ಮ ಯೋಜನೆ ಬದಲಾಯಿಸಿದರು. ಸೋರಿದ್ದು ಇಬ್ಬರಲ್ಲಿ ಮಾತ್ರ, ಅಂದರೆ ಶೇ. 1.4. ಎಲ್ಲರೂ ಹುಬ್ಬೇರಿಸಿದರು. ಆದರೆ ಆ ಅಧ್ಯಯನದಲ್ಲಿ ಹೋಲಿಕೆಗೆ ಇನ್ನೊಂದು ಗುಂಪೇ ಇರಲಿಲ್ಲ. ಹೊಳಪು ನೋಡದೆ ಅದೇ ವೈದ್ಯರು ಅಂಥದೇ ರೋಗಿಗಳಿಗೆ ಜೋಡಣೆ ಮಾಡಿದ್ದರೆ ಎಷ್ಟು ಸೋರುತ್ತಿತ್ತು? ಅದು ತಿಳಿಯದೆ ಶೇ. 1.4 ಎಂಬುದು ಕಡಿಮೆಯೋ ಹೆಚ್ಚೋ ಹೇಳಲಾಗದು.

ಅದೇ ತಂಡ ಆ ಪ್ರಶ್ನೆಗೆ ಉತ್ತರ ಹುಡುಕಲು ಪಿಲ್ಲರ್-3 ನಡೆಸಿತು. ಈ ಬಾರಿ ಯಾರಿಗೆ ಹೊಳಪು, ಯಾರಿಗಿಲ್ಲ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಯಿತು. ಸೇರುವ ರೋಗಿಗಳ ಸಂಖ್ಯೆ ಇಳಿದುದರಿಂದ ಪರೀಕ್ಷೆ ಮಧ್ಯದಲ್ಲೇ ನಿಂತಿತು. 2021ರಲ್ಲಿ ಪ್ರಕಟವಾದಾಗ 347 ಮಂದಿಯ ಲೆಕ್ಕವಿತ್ತು: ಹೊಳಪು ನೋಡಿದವರಲ್ಲಿ ಶೇ. 9.0, ನೋಡದವರಲ್ಲಿ ಶೇ. 9.6. ವ್ಯತ್ಯಾಸವಿಲ್ಲ ಎಂದೇ ಹೇಳಬೇಕು. ಉಪಕರಣ ತಯಾರಿಸುವವರ ಪ್ರಾಯೋಜಕತ್ವದಲ್ಲಿ ನಡೆದ ಪರೀಕ್ಷೆ ಇದು. ಫಲಿತಾಂಶ ಅನುಕೂಲವಾಗಿಲ್ಲದಿದ್ದರೂ ಪ್ರಕಟಿಸಿದ್ದನ್ನು ಮೆಚ್ಚಬೇಕು. ಆದರೆ ಕರಪತ್ರ ಬರೆಯುವವರಿಗೆ ಪಿಲ್ಲರ್-2 ನೆನಪಿರುವಷ್ಟು ಪಿಲ್ಲರ್-3 ನೆನಪಿರುವುದಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2020ರಲ್ಲಿ ಮಾಸ್ಕೋದ ಫ್ಲ್ಯಾಗ್ ಪರೀಕ್ಷೆಯಲ್ಲಿ 377 ರೋಗಿಗಳಿದ್ದರು. ಸೋರಿಕೆ ಶೇ. 16.3ರಿಂದ 9.1ಕ್ಕೆ ಇಳಿದಿತ್ತು. ಲಾಭ ಕಂಡದ್ದು ಗುದದ್ವಾರಕ್ಕೆ ಹತ್ತಿರದ ಜೋಡಣೆಗಳಲ್ಲಿ, ಮೇಲಿನವುಗಳಲ್ಲಿ ಅಲ್ಲ. 2023ರಲ್ಲಿ ಜಪಾನಿನ 41 ಆಸ್ಪತ್ರೆಗಳ ಎಸೆನ್ಶಿಯಲ್ ಪರೀಕ್ಷೆ, ಗುದನಾಳದ ಗಡ್ಡೆಯಿದ್ದ 850 ಮಂದಿಯನ್ನು ಸೇರಿಸಿಕೊಂಡಿತು: ಶೇ. 11.8 ಇದ್ದುದು 7.6ಕ್ಕೆ. ಹಾಗೆಂದು ಸಮಾಧಾನಪಡುವಷ್ಟರಲ್ಲಿ 2024ರಲ್ಲಿ ನೆದರ್ಲೆಂಡ್ಸಿನ ಅವಾಯ್ಡ್ ಪರೀಕ್ಷೆ ಬಂತು. ಸುಮಾರು 930 ರೋಗಿಗಳು, ದೊಡ್ಡ ಕರುಳಿನ ಮೇಲುಭಾಗದವರೂ ಸೇರಿ. ಶೇ. 7 ಮತ್ತು ಶೇ. 9. ಈ ಅಂತರ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಚಿಕ್ಕದು.

ಇವನ್ನು ಒಟ್ಟಿಗಿಟ್ಟು ನೋಡಿದರೆ ನನಗೆ ತೋರುವುದು ಹೀಗೆ. ಗುದನಾಳದ ಕೆಳಭಾಗದ ಜೋಡಣೆಗಳಲ್ಲಿ, ಅಂದರೆ ರಕ್ತ ತಲಪುವುದೇ ಕಷ್ಟವಾದ ಕಡೆ, ಹೊಳಪು ನೋಡುವುದರಿಂದ ಉಪಯೋಗವಿರುವಂತಿದೆ. ಅದೂ ನೂರು ಮಂದಿಯಲ್ಲಿ ನಾಲ್ಕೈದು ಸೋರಿಕೆ ತಪ್ಪಬಹುದು, ಏಳೆಂಟು ಉಳಿಯುತ್ತವೆ. ಮೇಲಿನ ಜೋಡಣೆಗಳಲ್ಲಿ ಉಪಯೋಗ ತೋರಿಸುವುದು ಆಗಿಲ್ಲ. ಉಳಿಯುವ ಏಳೆಂಟು ಏಕೆ? ಏಕೆಂದರೆ ಜೋಡಣೆ ಸೋರುವುದು ರಕ್ತದ ಕೊರತೆಯಿಂದ ಮಾತ್ರವಲ್ಲ. ತುದಿಗಳು ಬಿಗಿದು ಎಳೆದಿದ್ದರೆ ಸೋರುತ್ತದೆ. ಕೊಂಡಿ ಸರಿಯಾಗಿ ಕೂರದಿದ್ದರೆ, ರೋಗಿ ಧೂಮಪಾನಿಯಾಗಿದ್ದರೆ, ಪೋಷಣೆ ಕಡಿಮೆಯಿದ್ದರೆ, ಮೊದಲು ವಿಕಿರಣ ಚಿಕಿತ್ಸೆಯಾಗಿದ್ದರೆ ಸೋರುತ್ತದೆ. ಕರುಳಿನ ಸೂಕ್ಷ್ಮಾಣುಗಳ ಪಾತ್ರವೂ ಇದೆ. ಮೇಲಾಗಿ ಕ್ಯಾಮೆರಾ ನೋಡುವುದು ಶಸ್ತ್ರಚಿಕಿತ್ಸೆಯ ಒಂದು ಕ್ಷಣವನ್ನು. ಮೂರನೆಯ ದಿನ ರಕ್ತದೊತ್ತಡ ಕುಸಿದರೆ ಅದಕ್ಕೆ ಗೊತ್ತಾಗದು.

ಈ ನಾಲ್ಕು ಪರೀಕ್ಷೆಗಳಲ್ಲಿ ಯಾವುದೂ ನಮ್ಮ ನಾಡಿನದಲ್ಲ. ರಕ್ತಹೀನತೆ, ಸಕ್ಕರೆ ಕಾಯಿಲೆಗಳ ಹೊರೆ ಬೇರೆಯೇ ಆಗಿರುವ ಇಲ್ಲಿಯ ರೋಗಿಗಳಿಗೆ ಜಪಾನಿನ ಅಂಕಿ ಹಾಗೆಯೇ ಹೊಂದುತ್ತದೆಂದು ಊಹಿಸುವಂತಿಲ್ಲ. ಯಶವಂತಪುರದಿಂದ ಯಲಹಂಕದವರೆಗೆ ಕಳೆದ ಇಪ್ಪತ್ತು ವರ್ಷಗಳಲ್ಲಿ ಎಷ್ಟೊಂದು ದೊಡ್ಡ ಆಸ್ಪತ್ರೆಗಳು ಎದ್ದಿವೆ ಎಂಬುದನ್ನು ನೀವೇ ಕಾಣುತ್ತಿದ್ದೀರಿ. ಅವು ಕೂಡಿ ಒಂದೇ ನಮೂನೆಯ ದಾಖಲೆಯಿಟ್ಟರೆ, ಬಣ್ಣ ಎಷ್ಟು, ಎಷ್ಟನೆಯ ಸೆಕೆಂಡಿಗೆ ಹೊಳೆಯಿತು, ಕ್ಯಾಮೆರಾ ಎಷ್ಟು ದೂರವಿತ್ತು, ರೋಗಿಯ ಹಿಮೊಗ್ಲೋಬಿನ್ ಎಷ್ಟಿತ್ತು ಎಂಬುದನ್ನು ಬರೆದಿಟ್ಟರೆ, ಕೆಲವೇ ವರ್ಷಗಳಲ್ಲಿ ಕರಪತ್ರಕ್ಕಿಂತ ಉತ್ತಮವಾದುದು ನಮ್ಮ ಕೈಯಲ್ಲಿರುತ್ತದೆ. ಹೊಳಪನ್ನು ಕಣ್ಣಂದಾಜಿಗೆ ಬಿಡದೆ, ಅದು ಏರುವ ವೇಗವನ್ನೂ ಶಿಖರ ಮುಟ್ಟುವ ಸಮಯವನ್ನೂ ಗಣಕದಿಂದ ಅಳೆಯುವ ಪ್ರಯತ್ನಗಳು ಹಲವೆಡೆ ನಡೆದಿವೆ. ಎಲ್ಲ ಯಂತ್ರಗಳಿಗೂ ಒಪ್ಪುವ ಒಂದು ಮಿತಿರೇಖೆ ಮಾತ್ರ ಇನ್ನೂ ಸ್ಥಿರವಾಗಿಲ್ಲ. ಯುವ ಇಂಜಿನಿಯರುಗಳಿಗೆ ಇಲ್ಲಿ ಮಾಡುವ ಕೆಲಸ ಬಹಳವಿದೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಪ್ರಶ್ನೆ ಸರಳವಾಗಿರುವ ಕಡೆ ಈ ಬಣ್ಣ ಚೆನ್ನಾಗಿ ಉತ್ತರಿಸುತ್ತದೆ. ಮಿದುಳಿನ ರಕ್ತನಾಳದ ಉಬ್ಬಿಗೆ ಕ್ಲಿಪ್ ಹಾಕಿದ ಮೇಲೆ, ಉಬ್ಬಿನೊಳಗೆ ಇನ್ನೂ ರಕ್ತ ಹೋಗುತ್ತಿದೆಯೆ, ಪಕ್ಕದ ನಾಳ ತಪ್ಪಿ ಮುಚ್ಚಿಹೋಗಿದೆಯೆ? ಜರ್ಮನಿಯ ರಾಬೆ ಮತ್ತು ಸಂಗಡಿಗರು 2003ರಲ್ಲಿ ವಿವರಿಸಿದ ಈ ಉಪಯೋಗದಲ್ಲಿ ಉತ್ತರ ಹೌದು ಅಥವಾ ಇಲ್ಲ. ಕೆಲವು ನಿಮಿಷಗಳಲ್ಲಿ ಕ್ಲಿಪ್ಪನ್ನು ಸರಿಪಡಿಸಬಹುದು. ಕುತ್ತಿಗೆಯ ಥೈರಾಯ್ಡ್ ತೆಗೆಯುವಾಗ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಪ್ಯಾರಾಥೈರಾಯ್ಡ್ ಗ್ರಂಥಿಗೆ ರಕ್ತ ಉಳಿದಿದೆಯೆ ಎಂಬುದಕ್ಕೂ ಹಾಗೆಯೇ. 2018ರ ಒಂದು ಸ್ವಿಸ್ ಪರೀಕ್ಷೆ ಇದಕ್ಕೆ ಬೆಂಬಲ ಕೊಟ್ಟಿದೆ. ನಾಳ ತೆರೆದಿದೆಯೆ ಎಂಬ ಪ್ರಶ್ನೆಗೆ ಹೊಳಪು ಸಾಕ್ಷಿ ಹೇಳಬಲ್ಲುದು. ಈ ಅಂಗಾಂಶ ಹತ್ತು ದಿನ ಬದುಕುತ್ತದೆಯೆ ಎಂಬುದು ಬೇರೆ ಪ್ರಶ್ನೆ.

ನಿಮಗೋ ನಿಮ್ಮವರಿಗೋ ಇಂಥ ಶಸ್ತ್ರಚಿಕಿತ್ಸೆ ನಿಶ್ಚಯವಾದರೆ ಕರಪತ್ರ ಓದಿ ಹೆದರುವುದೂ ಬೇಡ, ಮರುಳಾಗುವುದೂ ಬೇಡ. ವೈದ್ಯರನ್ನು ಕೇಳಿ: ನನ್ನ ಜೋಡಣೆ ಮೇಲೋ ಕೆಳಗೋ? ನನ್ನ ಹಿಮೊಗ್ಲೋಬಿನ್ ಎಷ್ಟು, ಮೊದಲು ಏರಿಸಿಕೊಳ್ಳುವುದಕ್ಕೆ ಸಮಯವಿದೆಯೆ? ನಿಮ್ಮಲ್ಲಿ ನೂರಕ್ಕೆ ಎಷ್ಟು ಜೋಡಣೆ ಸೋರುತ್ತವೆ? ಬೀಡಿ ಸಿಗರೇಟು ಸೇದುವವರಾದರೆ ಕೇಳುವ ಮೊದಲೇ ಬಿಟ್ಟಿರಿ. ಈ ಹೊಳಪಿಗೆ ಪ್ರತ್ಯೇಕ ಶುಲ್ಕವಿದೆಯೆ ಎಂದು ಕೇಳುವುದಕ್ಕೂ ಸಂಕೋಚ ಬೇಡ. ಕೇಳಿದರೆ ಬೇಸರಪಡುವ ವೈದ್ಯರು ನನಗೆ ಎದುರಾದದ್ದು ಕಡಿಮೆ.

ನನ್ನ ಗೆಳೆಯರ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಸೋರಲಿಲ್ಲ. ಈಗ ಬೆಳಿಗ್ಗೆ ಯಲಹಂಕ ಕೆರೆಯ ದಂಡೆಯಲ್ಲಿ ನಡೆಯುತ್ತಾರೆ. ಹೊಳಪು ನೋಡಿದ ಮೇಲೆ ಕತ್ತರಿಸುವ ಗುರುತನ್ನು ಬದಲಾಯಿಸಿದಿರಾ ಎಂದು ಅವರು ಶಸ್ತ್ರಚಿಕಿತ್ಸಕರನ್ನು ಕೇಳಿದ್ದರಂತೆ. ಇಲ್ಲ, ಕಣ್ಣಿಗೆ ಸರಿಯೆನಿಸಿದ ಕಡೆಯೇ ಹೊಳಪೂ ಇತ್ತು ಎಂದು ಅವರು ಪ್ರಾಮಾಣಿಕವಾಗಿ ಹೇಳಿದರು. ಮನೆಗೆ ಕಳಿಸುವಾಗ ಕೊಟ್ಟ ಸಾರಾಂಶ ಪತ್ರವನ್ನು ಗೆಳೆಯರು ನನಗೆ ತೋರಿಸಿದರು. ಹಿಮೊಗ್ಲೋಬಿನ್, ರಕ್ತದೊತ್ತಡ, ಕೊಟ್ಟ ಪ್ರತಿ ಔಷಧಿಯ ಪ್ರಮಾಣ ಎಲ್ಲವೂ ಅಂಕಿಗಳಲ್ಲಿದ್ದವು. ಹಸಿರು ಬಣ್ಣದ ಪರೀಕ್ಷೆಯ ಎದುರಿಗೆ ಒಂದೇ ಪದವಿತ್ತು: ತೃಪ್ತಿಕರ.